ಮೊದಲ ಪಂಕ್ತಿಯ ಉಪಚಾರ

ನಮ್ಮ ಕಡೆ ಬೀಗರ ಊಟದಲ್ಲಿ ಬಡಿಸುವವರು ಬೇರೆ, ಉಪಚಾರ ಮಾಡುವವನು ಬೇರೆ. ಬಡಿಸುವವರ ಕೈಯಲ್ಲಿ ಬಕೆಟ್ಟು, ಸೌಟು ಇರುತ್ತದೆ. ಉಪಚಾರ ಮಾಡುವವನ ಕೈ ಖಾಲಿ. ಅವನು ಎಲೆಗಳ ಮುಂದೆ ನಿಧಾನಕ್ಕೆ ನಡೆಯುತ್ತಾ ಒಬ್ಬೊಬ್ಬರನ್ನೂ ಮಾತಾಡಿಸಬೇಕು. ಇವರಿಗೆ ಎರಡು ಪೀಸು ಹಾಕು, ಅವರಿಗೆ ಸಾರು ಬಿಡು ಎಂದು ಹಿಂದೆ ಬರುವವರಿಗೆ ಹೇಳಬೇಕು. ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದವರನ್ನು ನಗಿಸಿ ಕೈ ತೆಗೆಸಬೇಕು. ಅವನು ಬಾರದ ಪಂಕ್ತಿಯವರು ಹೊಟ್ಟೆ ಬಿರಿಯುವಷ್ಟು ತಿಂದರೂ ಯಾರೂ ಕೇಳಲಿಲ್ಲ ಎನ್ನುತ್ತಲೇ ಎದ್ದು ಹೋಗುತ್ತಾರೆ. ನಮ್ಮ ನೆಂಟರ ಪೈಕಿ ಐದು ವರ್ಷ ಆ ಕೆಲಸ ನನ್ನದಾಗಿತ್ತು.

ನಾನು ಹಾರೋಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಎಣಿಸುವುದು, ಬರೆಯುವುದು ಅಲ್ಲಿಯ ಕೆಲಸ. ಆ ಚಾಳಿ ಮನೆಗೂ ಬಂದಿದೆ. ಯಾವ ಊಟಕ್ಕೆ ಹೋದರೂ ದಿನಚರಿಯಲ್ಲಿ ತಾರೀಖು, ಊರು, ಎಷ್ಟು ಪಂಕ್ತಿ, ಎಷ್ಟು ಜನ ತಾವಾಗಿಯೇ ನನ್ನನ್ನು ಮಾತಾಡಿಸಿದರು ಎಂದು ಬರೆಯುತ್ತೇನೆ. ಕಡೆಯದೇ ನನಗೆ ಮುಖ್ಯ. ಯಾಕೆಂದರೆ ನನಗೆ ಮದುವೆಯಾಗಬೇಕು. ಮೂರು ಮನೆಯವರು ಬಂದು ನೋಡಿ, ಕಾಫಿ ಕುಡಿದು, ಫೋನ್ ಮಾಡುತ್ತೇವೆಂದು ಹೋಗಿ ಮಾಡಲಿಲ್ಲ. ಸಂಬಳ ಕೇಳುತ್ತಾರೆ, ಸೈಟು ಕೇಳುತ್ತಾರೆ. ನಾನು ಎದ್ದು ಕಾಣುವ ಜಾಗ ಆ ಪಂಕ್ತಿಯೊಂದೇ ಎಂದು ನಂಬಿದ್ದೆ.

ಅಪ್ಪ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕ ಬರೆಯುವ ಕೆಲಸದಲ್ಲಿದ್ದು ನಿವೃತ್ತನಾದವನು. ಸುತ್ತಲ ತಾಲ್ಲೂಕುಗಳ ರೇಷ್ಮೆ ಬೆಳೆಗಾರರೆಲ್ಲ ಅವನ ಮುಂದೆ ಹಾದುಹೋಗಿದ್ದಾರೆ. ಆದರೆ ಎಲ್ಲರ ಕಣ್ಣೂ ತಕ್ಕಡಿಯ ಮೇಲಿರುತ್ತಿತ್ತು, ಅವನ ಮುಖ ನೋಡಿದವರು ಕಡಿಮೆ. ಊಟದ ಮನೆಗಳಲ್ಲೂ ಮೂಲೆಯ ಎಲೆ ಹುಡುಕಿ ಕೂತು, ಉಂಡು, ಎಲೆ ಮಡಿಚಿ ಬಸ್ಸು ಹತ್ತುತ್ತಿದ್ದ. ಮಾರನೇ ದಿನ ನೆಂಟರು ನನಗೆ ಫೋನ್ ಮಾಡಿ ನಿಮ್ಮಪ್ಪ ಯಾಕೆ ಬರಲಿಲ್ಲ ಎಂದು ಬೇಜಾರು ಮಾಡಿಕೊಳ್ಳುತ್ತಿದ್ದರು.

ನಿವೃತ್ತನಾದ ವರ್ಷ ಸಾತನೂರಿನಲ್ಲಿ ಊಟ ಮುಗಿಸಿ ಬಸ್ಸಿಗೆ ಕಾಯುವಾಗ ಅಪ್ಪ ನನ್ನ ಕಡೆ ತಿರುಗದೆಯೇ ಹೇಳಿದ: "ಮೂವತ್ತು ವರ್ಷದಿಂದ ಕಂಡಿರೋ ಜನ ಕಣ್ಲಾ. ಇವತ್ತು ನೀವು ಯಾವೂರೋರು ಅಂತ ಕೇಳುದ್ರು. ನೀನು ಹೆಂಗ್ಲಾ ಮಾಡ್ತೀಯ? ಒಸಿ ನಂಗೂ ಹೇಳ್ಕೊಡು."

ಹಿಗ್ಗಿ ಹೋದೆ. ಮನೆಗೆ ಬಂದು ಒಂದೊಂದಾಗಿ ಹೇಳಿಕೊಟ್ಟೆ. ಜನ ಎಲೆಗೆ ಕೂರುವ ಮೊದಲು ಕೈ ತೊಳೆಯುವ ಜಾಗದಲ್ಲಿ ನಿಂತಿರಬೇಕು, ಯಾರು ಯಾರಿಗೆ ಏನಾಗಬೇಕೆಂದು ಅಲ್ಲಿಯೇ ತಿಳಿದುಕೊಳ್ಳಬೇಕು. ಹೂಂ, ಉಹೂಂ ಎಂದು ಮುಗಿಸಬಹುದಾದ ಪ್ರಶ್ನೆ ಕೇಳಬಾರದು. ಒಂದು ಪಂಕ್ತಿಯಲ್ಲಿ ಆಡಿದ ತಮಾಷೆ ಪಕ್ಕದ ಪಂಕ್ತಿಯಲ್ಲಿ ಆಡಬಾರದು. ಅಪ್ಪ ಅಮ್ಮನ ತಟ್ಟೆಯ ಮುಂದೆ ನಿಂತು ಅಭ್ಯಾಸ ಮಾಡಿದ. ಇನ್ನೊಂದು ತುತ್ತು ಹಾಕಿಸಿಕೊಳ್ಳಿ ಎಂದು ಬಗ್ಗಿದ. ಅಮ್ಮ ಮುದ್ದೆ ಮುರಿಯುತ್ತಾ, "ಮದ್ವೆ ಆದಾಗಿಂದ ಮುದ್ದೆ ತಿರುವ್ತಾ ಇವ್ನಿ, ಒಂದಿನ ನಿಂದಾಯ್ತಾ ಅನ್ಲಿಲ್ಲ. ಈಗ ಉಪಚಾರ ನೋಡು," ಎಂದಳು.

ಚನ್ನಪಟ್ಟಣದ ಊಟದಲ್ಲಿ ಮೊದಲ ಸಲ ನಿಂತಾಗ ಅಪ್ಪನ ಮಾತು ಪಕ್ಕದ ಎಲೆಗೂ ಕೇಳಿಸಲಿಲ್ಲ. ನಾಲ್ಕು ಜನರನ್ನು ಮಾತಾಡಿಸಿ ಕೈಕಟ್ಟಿ ನಿಂತುಬಿಟ್ಟ. ನನಗೆ ಕನಿಕರವಾಯಿತು. ಕನಿಕರದಲ್ಲಿ ಎಷ್ಟು ಸುಖವಿತ್ತೆಂದು ಆಗ ತಿಳಿಯಲಿಲ್ಲ.

ಕನಕಪುರದ ಹೊತ್ತಿಗೆ ಅಪ್ಪ ನನ್ನ ತಮಾಷೆಗಳನ್ನು ಕೈಬಿಟ್ಟಿದ್ದ. ಯಾರದೋ ಎಲೆಯ ಮುಂದೆ ನಿಂತು ಹುಳ ಎಷ್ಟನೇ ಜ್ವರದಲ್ಲಿವೆ ಎಂದು ಕೇಳಿದ. ರೇಷ್ಮೆ ಹುಳ ಪೊರೆ ಕಳಚುವ ಮುನ್ನ ಮೇವು ಬಿಟ್ಟು ಮಲಗುವುದಕ್ಕೆ ಜ್ವರ ಎನ್ನುತ್ತಾರೆ; ನಾಲ್ಕನೆಯದು ಎದ್ದ ಮೇಲೆ ಅವಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಇನ್ನೊಬ್ಬರಿಗೆ ಸೊಪ್ಪಿನ ತೋಟದ ಬೋರಿನಲ್ಲಿ ನೀರು ಹೇಗಿದೆ ಎಂದ. ಅವರು ತಿನ್ನುವುದು ಬಿಟ್ಟು ಹೇಳತೊಡಗಿದರು. ಕೈ ಅಡ್ಡ ಹಿಡಿದಿದ್ದ ದಪ್ಪ ಮೀಸೆಯವರಿಗೆ, "ಹುಳ ನಾಲ್ಕನೇ ಜ್ವರ ಎದ್ಮೇಲೆ ಸೊಪ್ಪು ಬ್ಯಾಡ ಅಂತವಾ ಬಾವ? ಕೈ ತೆಗೀರಿ," ಎಂದ. ಇಡೀ ಪಂಕ್ತಿ ನಕ್ಕಿತು. ಮೀಸೆಯವರು ಕೈ ತೆಗೆದರು. ಎರಡು ಸಲ ಹಾಕಿಸಿಕೊಂಡರು.

ಆವತ್ತಿನಿಂದ ಅಪ್ಪನಿಗೂ ಒಂದು ಕಾಲಂ ಹಾಕಿದೆ. ಕನಕಪುರ: ನನ್ನದು ಹತ್ತೊಂಬತ್ತು, ಅಪ್ಪನದು ಮೂವತ್ತೊಂದು. ಒಬ್ಬರನ್ನೇ ಎರಡು ಸಲ ಎಣಿಸಿರಬೇಕೆಂದು ನೆನಪು ಮಾಡಿಕೊಂಡು ಮತ್ತೆ ಲೆಕ್ಕ ಹಾಕಿದೆ. ಮೂವತ್ತಮೂರಾಯಿತು. ಅದಾದ ಮೇಲೆ ಎಲ್ಲಿ ಹೋದರೂ ಮಾರ್ಕೆಟ್ ಯಜಮಾನರು ಬರಲಿಲ್ಲವಾ ಎಂದು ನನ್ನನ್ನು ಕೇಳತೊಡಗಿದರು. ಬರುತ್ತಾರೆ ಎಂದು ನಗುತ್ತಲೇ ಹೇಳುತ್ತಿದ್ದೆ. ಒಳಗೆ ಮೆಣಸಿನಕಾಯಿ ಕಡಿದಂತಾಗುತ್ತಿತ್ತು. ಅಪ್ಪ ಜರಿ ಅಂಚಿನ ಪಂಚೆ ತಂದ. ನನ್ನ ಶರ್ಟು ಕೊಡುವ ಅಂಗಡಿಗೇ ತನ್ನದನ್ನೂ ಇಸ್ತ್ರಿಗೆ ಕೊಟ್ಟ. ನನ್ನ ಸೆಂಟಿನ ಬಾಟಲಿ ಬೇಗ ಮುಗಿಯುತ್ತಿದೆ ಎನಿಸಿ ಅದನ್ನು ಫ್ಯಾಕ್ಟರಿಯ ಬ್ಯಾಗಿನಲ್ಲಿ ಇಟ್ಟುಕೊಂಡೆ.

ಹೀಗಿರುವಾಗ ಚಿಕ್ಕಪ್ಪನ ಮಗಳ ಮದುವೆಯಾಯಿತು. ಬೀಗರು ಮಾಗಡಿಯವರು. ಅವರ ನೆಂಟರಲ್ಲಿ ಟೀಚರ್ ಆಗಿರುವ ಹುಡುಗಿಯೊಬ್ಬಳಿದ್ದಳು. ಅವಳ ಮನೆಯವರು ಬೀಗರ ಊಟಕ್ಕೆ ಬರುತ್ತಾರೆ, ಹುಡುಗನನ್ನು ಅಲ್ಲಿಯೇ ನೋಡುತ್ತಾರಂತೆ ಎಂದು ಅಮ್ಮ ಹೇಳಿದಳು. ಬೀಗರು ಕೂರುವುದು ಮೊದಲ ಪಂಕ್ತಿಯಲ್ಲಿ. ಬೆಳಿಗ್ಗೆಯೇ ಹೊಸ ಶರ್ಟು ಹಾಕಿಕೊಂಡು ಕೈ ತೊಳೆಯುವ ಜಾಗದಲ್ಲಿ ನಿಂತೆ. ಚಿಕ್ಕಪ್ಪ ಬಂದು ಭುಜದ ಮೇಲೆ ಕೈ ಹಾಕಿದ.

"ಮೊದಲ್ನೇ ಪಂತಿಗೆ ಅಣ್ಣ ಇರ್ಲಿ ಬುಡ್ಲಾ. ಬೀಗ್ರು ಆಗ್ಲೇ ಎರಡು ಸಲ ಕೇಳವ್ರೆ. ನೀನು ಎರಡನೇದು ನೋಡ್ಕೊ."

ನನಗೆ ಆವತ್ತು ಯಾಕೆ ಆ ಪಂಕ್ತಿ ಬೇಕೆಂದು ಹೇಳಲು ನಾಚಿಕೆಯಾಯಿತು. ಎರಡನೇ ಪಂಕ್ತಿಯಲ್ಲಿ ಒಳ್ಳೆಯ ಮಾತುಗಳನ್ನೇ ಆಡಿದೆ. ನನ್ನ ಮುಂದೆ ಕೂತವರ ಕಿವಿಯೆಲ್ಲ ಆಚೆ ಪಂಕ್ತಿಯ ಕಡೆ. ಅಲ್ಲಿ ನಗು ಎದ್ದಾಗಲೆಲ್ಲ ಇಲ್ಲಿಯವರು ಏನಂತೆ, ಏನಂತೆ ಎಂದು ಕತ್ತು ಉದ್ದ ಮಾಡುತ್ತಿದ್ದರು. ಹುಡುಗಿಯ ತಾತ ಅಪ್ಪನ ಕೈ ಹಿಡಿದು ಮಾತಾಡುತ್ತಿದ್ದರು. ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ.

ಎರಡು ದಿನ ಬಿಟ್ಟು ಫೋನ್ ಬಂತು. ಮನೆ ನೋಡಲು ಬರುತ್ತೇವೆ ಎಂದರು. ಭಾನುವಾರ ತಾತ, ಹುಡುಗಿಯ ಅಪ್ಪ ಅಮ್ಮ, ಹುಡುಗಿ ಬಂದರು. ತಾತ ಕೂತವರೇ, "ಮಾವ ಹಿಂಗಿದ್ರೆ ಸಾಕು, ನಮ್ಮ ಹುಡುಗಿ ಸುಖವಾಗಿರ್ತಾಳೆ," ಎಂದರು. ಆಮೇಲೆ ನೆನಪು ಮಾಡಿಕೊಂಡವರಂತೆ ನನ್ನ ಕಡೆ ನೋಡಿ, ನೀವು ಆವತ್ತು ಊಟಕ್ಕೆ ಬಂದಿದ್ರಾ, ಕಾಣಲಿಲ್ಲವಲ್ಲ ಎಂದು ಕೇಳಿದರು. ಅಪ್ಪನ ಬಗ್ಗೆ ಜನ ಕೇಳುತ್ತಿದ್ದ ಮಾತು ಅದು.

ನಾನು ಬಾಯಿ ಬಿಡುವಷ್ಟರಲ್ಲಿ ಅಪ್ಪ, "ಎರಡನೇ ಪಂತಿಲಿದ್ದ. ನಂಗೆ ಉಪಚಾರ ಕಲಿಸಿದೋನೇ ಅವ್ನು ಸ್ವಾಮಿ," ಎಂದ.

ತಾತ ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಡುಗಿಯ ಅಮ್ಮ ಸೆರಗು ಬಾಯಿಗಿಟ್ಟುಕೊಂಡರು. ಅಪ್ಪ ನಿಜ ಕಣ್ರಿ ಎಂದಷ್ಟೂ ಅವರಿಗೆ ನಗು ಜಾಸ್ತಿಯಾಯಿತು. ಆ ನಗುವನ್ನೂ ಅಪ್ಪನ ಕಾಲಮ್ಮಿಗೇ ಬರೆದೆ.

ಮದುವೆ ನಿಶ್ಚಯವಾಗಿದೆ. ಹುಡುಗಿ ಮೊದಲ ಸಲ ಫೋನ್ ಮಾಡಿದಾಗ, ನಿಮ್ಮ ತಂದೆ ಆವತ್ತು ಹೇಳಿದ್ದು ನಿಜವಾ ಎಂದು ಕೇಳಿದಳು. ನಿಜ ಎಂದೆ. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ, ನಮ್ಮ ಬೀಗರ ಊಟಕ್ಕೂ ಅವರೇ ಉಪಚಾರಕ್ಕೆ ಇರುತ್ತಾರೆ ತಾನೇ ಎಂದಳು.

ಇರುತ್ತಾನೆ. ಮದುಮಗ ಉಪಚಾರ ಮಾಡುವ ಹಾಗಿಲ್ಲ, ಮೊದಲ ಪಂಕ್ತಿಯಲ್ಲಿ ಎಲೆಯ ಮುಂದೆ ಕೂರಬೇಕು. ಅಪ್ಪ ಜರಿ ಪಂಚೆ ಉಟ್ಟು ಒಬ್ಬೊಬ್ಬರನ್ನೇ ಮಾತಾಡಿಸುತ್ತಾ ನನ್ನ ಎಲೆಯ ಮುಂದೂ ಬಂದು ನಿಲ್ಲುತ್ತಾನೆ. ಆಗ ಕೈ ಅಡ್ಡ ಹಿಡಿಯಬೇಕೆಂದು ಈಗಲೇ ತೀರ್ಮಾನಿಸಿದ್ದೇನೆ. ಅವನು ಏನು ಹೇಳಿ ತೆಗೆಸುತ್ತಾನೋ ನೋಡಬೇಕು.