ಕಲ್ಲವ್ವನಿಗೆ ಕೊಡದ ಬದನೆ ಬೀಜ

ಬೆಳಿಗ್ಗೆಯಿಂದ ಮೂರು ಸಲ ಕುರ್ಚಿ ಬಿಟ್ಟು ಎದ್ದಿದ್ದೇನೆ. ಮೇಜಿನ ಮೇಲೆ ಒಂದು ಅರ್ಜಿ ಇದೆ. ಫ್ಯಾನಿನ ಗಾಳಿಗೆ ಹಾರದಿರಲೆಂದು ಅದರ ಮೇಲೆ ಹಳೆಯ ಬಿಸ್ಕತ್ತಿನ ಡಬ್ಬಿ ಇಟ್ಟಿದ್ದೇನೆ. ಡಬ್ಬಿ ಖಾಲಿ. ಮುಚ್ಚಳ ತೆಗೆದರೆ ಒಲೆಯ ಬೂದಿಯ ವಾಸನೆ ಮಾತ್ರ ಬರುತ್ತದೆ. ಅದು ಬಂದ ಕೂಡಲೇ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಡಬ್ಬಿ ಹುನ್ನೂರಿನ ನಮ್ಮ ಚಿಗವ್ವನದು, ಅಂದರೆ ತಾಯಿಯ ತಂಗಿಯದು. ಅವಳ ಹಿತ್ತಲಲ್ಲಿ ಒಂದು ಮುಳ್ಳುಬದನೆ ಬೆಳೆಯುತ್ತಿತ್ತು. ಅದರ ಎಣ್ಣೆಗಾಯಿಯ ರುಚಿಗೆ ನನ್ನ ಹೊಟ್ಟೆಯ ಸುತ್ತಳತೆಯೇ ಸಾಕ್ಷಿ. ಒಂದೆರಡು ಕಾಯಿ ಗಿಡದಲ್ಲೇ ಹಣ್ಣಾಗಲು ಬಿಟ್ಟು, ಬೀಜ ತೊಳೆದು, ಬೂದಿ ಬೆರೆಸಿ ಒಣಗಿಸಿ ಈ ಡಬ್ಬಿಗೆ ಹಾಕಿಡುತ್ತಿದ್ದಳು. ಮಳೆಗಾಲಕ್ಕೆ ಮುಂಚೆ ಓಣಿಯ ಹೆಂಗಸರು ಬಂದು ಒಂದೊಂದು ಚಿಟಿಕೆ ಒಯ್ಯುತ್ತಿದ್ದರು. ಮೊದಲ ಕಾಯಿ ಬಿಟ್ಟಾಗ ನಾಲ್ಕು ತಂದುಕೊಟ್ಟರೆ ಮುಗಿಯಿತು. ಯಾವ ವರ್ಷ ಅವಳ ಬೀಜ ಕೆಟ್ಟರೂ ಯಾರದೋ ಹಿತ್ತಲಲ್ಲಿ ಆ ಗಿಡ ಇದ್ದೇ ಇರುತ್ತಿತ್ತು.

ನಾನು ಜಮಖಂಡಿಯಲ್ಲಿ ಕಾನೂನು ಕಲಿಸುವವನು. ಪೇಟೆಂಟು, ವ್ಯಾಪಾರ ಒಪ್ಪಂದ, ಸಿರಿವಂತ ದೇಶಗಳ ನಿಯಮಕ್ಕೆ ನಮ್ಮಂಥವರು ಸಹಿ ಹಾಕಿದ ಕಥೆ ಹೇಳುವಾಗ ನನ್ನ ದನಿ ತಾನಾಗಿಯೇ ಏರುತ್ತದೆ. ಹಿಂದಿನ ಬೆಂಚಿನವರು ಎಚ್ಚರಾಗುವುದು ಆಗಲೇ. ನಮ್ಮ ದೇಶ ಆ ಒಪ್ಪಂದದೊಳಗೇ ಜಾಗ ಮಾಡಿಕೊಂಡು, ರೈತರು ಬೀಜ ಇಟ್ಟುಕೊಳ್ಳಬಹುದು, ಹಂಚಬಹುದು, ತಮ್ಮ ತಳಿಯನ್ನು ತಮ್ಮ ಹೆಸರಿಗೆ ನೋಂದಾಯಿಸಲೂಬಹುದು ಎಂದು ಕಾನೂನು ಮಾಡಿದೆ. ಹಂಚಬಹುದು ಎಂಬುದನ್ನು ವರ್ಷ ವರ್ಷವೂ ಪಾಠ ಮಾಡಿದವನು ನಾನೇ, ನೆನಪಿಡಿ.

ಮೂರು ವರ್ಷದ ಹಿಂದೆ ಬೀಜದ ಕಂಪನಿಯವನೊಬ್ಬ ಬಂದು ಕೇಳಿದಾಗ ಚಿಗವ್ವ ಅವನಿಗೂ ಒಂದು ಚಿಟಿಕೆ ಕೊಟ್ಟು, ಚಹಾ ಕುಡಿಸಿ ಕಳಿಸಿದಳು. ಸುದ್ದಿ ಕೇಳಿ, ಕಂಪನಿ ತಳಿಯನ್ನು ತನ್ನ ಹೆಸರಿಗೆ ಮಾಡಿಕೊಂಡೀತೆಂದು ಹೆದರಿದೆ. ಬಸ್ಸು ಹಿಡಿದು ಓಡಿದೆ. ತಳಿ ಅವಳ ಹೆಸರಿಗೆ ನೋಂದಣಿಯಾಗುವ ತನಕ ಯಾರಿಗೂ ಒಂದು ಕಾಳೂ ಕೊಡಕೂಡದೆಂದು ಅಪ್ಪಣೆ ಮಾಡಿದೆ.

“ಯಾರ ಹೆಸರ ಬರೀತಿ ತಮ್ಮಾ?” ಎಂದಳು. “ನನಗ ನಮ್ಮತ್ತಿ ಕೊಟ್ಟಾಳ. ಆಕಿಗೆ ಯಾರ ಕೊಟ್ಟಾರೋ ಏನೋ.”

“ಅದನ್ನ ನಾ ನೋಡ್ಕೋತೀನಿ. ನೀ ಯಾರಿಗೂ ಕೊಡಬ್ಯಾಡ.”

ಆ ವಾರವೇ ಪಕ್ಕದ ಮನೆಯ ಕಲ್ಲವ್ವ ಬಂದಳು. ಚಿಗವ್ವ ಹೊಸ್ತಿಲಲ್ಲಿ ನಿಂತು ಬೀಜ ಇಲ್ಲ ಎಂದಳಂತೆ. ಡಬ್ಬಿ ಕಲ್ಲವ್ವನ ಕಣ್ಣಿಗೆ ಕಾಣುವಂತೆ ಗೋಡೆಯ ಗೂಡಿನಲ್ಲೇ ಇತ್ತು. ಅವಳು ಅದನ್ನು ನೋಡಿ ಹೊರಟುಹೋದಳು. ಆಮೇಲೆ ಆ ಮನೆಯ ಮೆಟ್ಟಿಲು ತುಳಿಯಲಿಲ್ಲ.

ಇತ್ತ ನಾನು ನೋಂದಣಿ ಅರ್ಜಿಯಲ್ಲಿ ‘ತಳಿಯನ್ನು ಮೊದಲು ಬೆಳೆಸಿದವರು’ ಎಂಬಲ್ಲಿಗೆ ಬಂದು ನಿಂತೆ. ಬರೆದೆ, ಹೊಡೆದುಹಾಕಿದೆ, ಕಾಲೇಜಿನ ಪರೀಕ್ಷೆ ಮುಗಿಯಲಿ ಎಂದೆ. ಎರಡು ವರ್ಷ ಹೋಯಿತು. ಹೋದ ಮಳೆಗಾಲದಲ್ಲಿ ಹಿತ್ತಲಲ್ಲಿ ನೀರು ನಿಂತು ಚಿಗವ್ವನ ಗಿಡಗಳು ಕೊಳೆತವು. ಮಾಳಿಗೆ ಸೋರಿ ಡಬ್ಬಿಯ ಬೀಜವೂ ಬೂಸ್ಟು ಹಿಡಿಯಿತು. ಚಿಗವ್ವನಲ್ಲಿ ಬೀಜ ಸಿಗದೆ ಓಣಿಯವರೆಲ್ಲ ಅಷ್ಟರಲ್ಲಿ ಅಂಗಡಿಯ ಪ್ಯಾಕೆಟ್ ಬೀಜಕ್ಕೆ ಹೋಗಿದ್ದರು. ಈಗ ಆ ಬದನೆ ಉಳಿದಿರುವುದು, ನಾನು ಯಾರಿಗೆ ಹೆದರಿದ್ದೆನೋ ಆ ಕಂಪನಿಯ ಕಪಾಟಿನಲ್ಲಿ ಮಾತ್ರ.

“ಕಂಪನಿಯವಗ ನಾ ಕೊಟ್ಟೇನಲ್ಲ, ಕೇಳಿದ್ರ ಕೊಡ್ತಾನ. ಬೀಜಕ್ಕ ಯಾರರ ಇಲ್ಲಂತಾರೇನು?” ಎಂದ ಚಿಗವ್ವನ ಕಣ್ಣು ಖಾಲಿ ಡಬ್ಬಿಯ ಮೇಲೆ ನಿಂತಿತು. ಇಲ್ಲ ಎಂದವಳು ತಾನೇ ಎಂಬುದು ಅವಳಿಗೆ ನೆನಪಾಗಿತ್ತು. ಅವಳಿಂದ ಹಾಗೆ ಅನ್ನಿಸಿದವನು ನಾನು. ಅವತ್ತಿನಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ. ಬೀಜ ಸಿಕ್ಕರೆ ತುಂಬಿ ತರುತ್ತೇನೆಂದು ಆ ಡಬ್ಬಿಯನ್ನು ಜೊತೆಗೆ ತಂದೆ.

ನಾನು ಕೇಳಿದಾಗ ಕಂಪನಿಯವನು ಕೊಡುವುದಿಲ್ಲ ಎನ್ನಲಿಲ್ಲ; ಮೇಜಿನ ಮೇಲಿರುವ ಈ ಅರ್ಜಿ ಕಳಿಸಿದ. ಬೀಜದ ಮೇಲೆ ನಿಮ್ಮ ಹಕ್ಕೇನು ಎಂದು ಒಂದು ಪ್ರಶ್ನೆ, ಯಾವ ಕಾರಣಕ್ಕೆ ಬೇಕು ಎಂದು ಇನ್ನೊಂದು. ಮೊದಲನೆಯದಕ್ಕೆ ಅರ್ಧ ಹಾಳೆ ಬರೆದು ಹರಿದುಹಾಕಿದೆ. ನಾಲ್ಕನೆಯ ಸಲ ಎದ್ದು ಚಿಗವ್ವನಿಗೆ ಫೋನು ಮಾಡಿದೆ. ಹಕ್ಕಿನ ಮಾತನ್ನು ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ.

“ಕಲ್ಲವ್ವಗ ಕೊಡೂದೈತಿ ಅಂತ ಬರಿ,” ಎಂದಳು.

ಕಾರಣದ ಜಾಗದಲ್ಲಿ ಹಾಗೆಯೇ ಬರೆದೆ. ಹಕ್ಕಿನ ಜಾಗ ಖಾಲಿ ಬಿಟ್ಟೆ. ಈಗ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹುನ್ನೂರಿನ ಬಸ್ಸಿಗೆ ಹೊರಟಿದ್ದೇನೆ. ಬೀಜ ಬರಲಿ ಬಿಡಲಿ, ಅಂದು ಇಲ್ಲ ಎನ್ನಿಸಿದವನು ನಾನು ಎಂದು ಕಲ್ಲವ್ವನ ಹೊಸ್ತಿಲಲ್ಲಿ ನಿಂತು ಹೇಳಬೇಕು.