ಗೋಡೆಯ ಮೇಲೆ ಬಾರದ ಇಪ್ಪತ್ತನೆಯ ಸಾಲು

ಬೆಳಗಿನ ಆರೂವರೆ. ನೇತ್ರಾವತಿಯ ನೆರೆ ಇಳಿದು ನಾಲ್ಕು ದಿನವಾಗಿದೆ. ನರಿಕೊಂಬಿನ ಹೊಳೆಬದಿಯ ಹಳೆಯ ಶಾಲೆಯ ಜಗಲಿಯಲ್ಲಿ ಮಹಮ್ಮದ್ ಕುಂಞಿ ಲುಂಗಿ ಎತ್ತಿ ಕಟ್ಟಿ, ಮಣೆಯ ಮೇಲೆ ಕುಳಿತು, ಗೋಡೆಗೆ ಮೆತ್ತಿದ ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾರೆ. ಕೆಸರಿನಡಿಯಿಂದ ಮೊದಲು ‘ದೋಹಾ’ ಕಾಣುತ್ತದೆ, ಆಮೇಲೆ ‘ಗ್ವಾಂಗ್‌ಝೌ’. ‘ಇಂಚಿಯಾನ್’ ಅರ್ಧ ಕಿತ್ತುಬಂದಿದೆ. ಕೆಳಗಿನ ಎರಡು ಸಾಲುಗಳಂತೂ ಗಾರೆ ಸಮೇತ ಹೊಳೆಯ ಪಾಲು.

ಗೋಡೆಯ ಮೇಲಿರುವುದು ಏಷ್ಯನ್ ಕ್ರೀಡಾಕೂಟದ ಚರಿತ್ರೆ. ಒಂದೊಂದು ಕೂಟಕ್ಕೆ ಒಂದೊಂದು ಸಾಲು: ಇಸವಿ, ಊರು, ಭಾರತಕ್ಕೆ ಬಂದ ಚಿನ್ನ. ಮೊದಲ ಸಾಲು 1951ರ ದೆಹಲಿ, ಹದಿನೈದು. ಹತ್ತೊಂಬತ್ತನೆಯದು ಹಾಂಗ್‌ಝೌ, ಇಪ್ಪತ್ತೆಂಟು. ಬೀಜಿಂಗಿನ ಎದುರು ಒಂದೇ ಒಂದು, ಅದೂ ಕಬಡ್ಡಿಯ ದಯೆಯಿಂದ. “ಆ ಒಂದನ್ನು ಬರೆಯಲಿಕ್ಕೆ ಕೈಯೇ ಬರಲಿಲ್ಲ” ಎನ್ನುತ್ತಾರೆ ಕುಂಞಿ, ತಾವೇ ಸೋತು ಬಂದವರ ಹಾಗೆ.

ಹಳೆಯದು ಮೇಲೆ, ಹೊಸದು ಕೆಳಗೆ. ಹಾಗಾಗಿ ನೆರೆ ಬಂದಾಗಲೆಲ್ಲ ಮುಳುಗುವುದು ಹೊಸ ಸಾಲುಗಳೇ. ತಿರುಗಿಸಿ ಬರೆಯಬಹುದಿತ್ತಲ್ಲ ಎಂದರೆ, “ಮೊದಲು ಹುಟ್ಟಿದ್ದು ಮೊದಲು ಬರಬೇಕಲ್ಲ ಮಾರಾಯ್ರೇ” ಎಂಬ ಉತ್ತರ ಸಿಗುತ್ತದೆ. ನಲವತ್ತಮೂರು ಮಳೆಗಾಲಗಳಲ್ಲಿ ಅವರು ಹದಿನಾಲ್ಕು ಸಲ ಕೆಳಗಿನ ಸಾಲುಗಳನ್ನು ಮತ್ತೆ ಬರೆದಿದ್ದಾರೆ. ಹೆಂಡತಿ ಖತೀಜಮ್ಮನದು ಬೇರೆಯೇ ಲೆಕ್ಕ: “ಮನೆಗೆ ಸುಣ್ಣ ಬಳಿಯಲಿಕ್ಕೆ ಇವರಿಗೆ ಪುರುಸೊತ್ತಿಲ್ಲ. ಹೊಳೆ ತೊಳೆಯುವ ಗೋಡೆಗೆ ಬಣ್ಣ!”

1983ರಲ್ಲಿ ಕುಂಞಿ ಮೆಲ್ಕಾರಿನಲ್ಲಿ ಬೋರ್ಡು ಬರೆಯುತ್ತಿದ್ದ ಇಪ್ಪತ್ತೆರಡರ ಹುಡುಗ. ಆಗೆಲ್ಲ ದಿನಕ್ಕೆ ನಾಲ್ಕು ಬೋರ್ಡು. ಈಗ ತಿಂಗಳಿಗೆ ಎರಡು ಸಿಕ್ಕರೆ ಹೆಚ್ಚು. ಉಳಿದದ್ದನ್ನೆಲ್ಲ ಫ್ಲೆಕ್ಸು ನುಂಗಿದೆ. 1982ರಲ್ಲಿ ದೆಹಲಿಯ ಎರಡನೆಯ ಕೂಟವನ್ನು ರೇಡಿಯೋದಲ್ಲಿ ಕೇಳಿ ಹುಚ್ಚು ಹಿಡಿಸಿಕೊಂಡಿದ್ದ ಈ ಶಾಲೆಯ ಮಹೇಶ್ವರ ಮಾಷ್ಟ್ರು ಕುಂಞಿಯನ್ನು ಕರೆಸಿ ಅಲ್ಲಿಯವರೆಗಿನ ಒಂಬತ್ತು ಸಾಲು ಬರೆಸಿದರು. ಒಂದೇ ಕಟ್ಟಳೆ ಹಾಕಿದರು: ನಡೆದದ್ದನ್ನು ಮಾತ್ರ ಬರೆಯಬೇಕು. 1970ರ ಕೂಟವನ್ನು ಒಪ್ಪಿಕೊಂಡಿದ್ದು ಕೊರಿಯಾದ ಸೋಲ್, ಅದು ಕೈಬಿಟ್ಟ ಮೇಲೆ ನಡೆಸಿದ್ದು ಬ್ಯಾಂಕಾಕ್. ಗೋಡೆಯ ಮೇಲಿರುವುದು ಬ್ಯಾಂಕಾಕೇ.

ಆ ಕಟ್ಟಳೆಯನ್ನು ಕುಂಞಿ ಒಮ್ಮೆ ಮುರಿದರು. 2022ರ ಆರಂಭದಲ್ಲಿ, ಡಬ್ಬದಲ್ಲಿ ಉಳಿದ ಕೆಂಪು ಬಣ್ಣ ಒಣಗಿಹೋಗುತ್ತದಲ್ಲ ಎಂದು, ‘2022 ಹಾಂಗ್‌ಝೌ’ ಎಂದು ಮೊದಲೇ ಬರೆದುಬಿಟ್ಟರು. ಕೂಟ ಒಂದು ವರ್ಷ ಮುಂದಕ್ಕೆ ಹೋಯಿತು. ಹಾಸಿಗೆ ಹಿಡಿದಿದ್ದ ಮಾಷ್ಟ್ರು ಕೇಳಿದ್ದು ಇಷ್ಟೇ: “ಓಡುವ ಮೊದಲೇ ಬರೆದೆಯಾ ಕುಂಞಿ?” ತಿದ್ದಿ 2023 ಎಂದು ಬರೆಯುವಷ್ಟರಲ್ಲಿ ಮಾಷ್ಟ್ರು ತೀರಿಕೊಂಡಿದ್ದರು. ಆ ಸಂಕಟ ಈಗಲೂ ಅವರನ್ನು ಬಿಟ್ಟಿಲ್ಲ.

ಈ ಜೂನಿನಲ್ಲಿ ಶಾಲೆಯ ಕೊನೆಯ ಐದು ಮಕ್ಕಳನ್ನು ಮೆಲ್ಕಾರಿನ ಕಡೆಗೆ ಕಳಿಸಿದ್ದಾರೆ. ನೆರೆಗೆ ಬಿರುಕುಬಿಟ್ಟ ಕಟ್ಟಡವನ್ನು ಆಗಸ್ಟ್ ಕೊನೆಗೆ ಕೆಡವುತ್ತಾರೆ. ಇಪ್ಪತ್ತನೆಯ ಕೂಟ ಜಪಾನಿನ ನಗೋಯಾದಲ್ಲಿ ಶುರುವಾಗುವುದು ಸೆಪ್ಟೆಂಬರ್ ಹತ್ತೊಂಬತ್ತಕ್ಕೆ. ನೆಲಕ್ಕೆ ತಾಗಿದಂತೆ ಅದಕ್ಕಾಗಿ ಬಿಟ್ಟ ಒಂದು ಗೇಣು ಜಾಗ ಖಾಲಿಯೇ ಇದೆ.

ಶಾಲೆಯ ಕೊನೆಯ ಶಿಕ್ಷಕಿ ವಾಗ್ದೇವಿ ಕಪಾಟಿನ ಬೀಗದ ಕೈ ಒಪ್ಪಿಸಲು ಬಂದವರು ಜಗಲಿಯಲ್ಲಿ ನಿಲ್ಲುತ್ತಾರೆ. “ಈಗಲೇ ಬರೆದುಬಿಡಿ ಕುಂಞಿಯವರೇ. ಒಂದು ಫೋಟೋ ತೆಗೆದಿಡುವ. ಊರಿನ ಹೆಸರು ಗೊತ್ತುಂಟಲ್ಲ?”

“ಗೊತ್ತುಂಟು ಟೀಚರ್. ಆದರೆ ಇನ್ನೂ ನಡೆಯಲಿಲ್ಲ.”

ಟೀಚರ್ ಕಣ್ಣೊರೆಸಿಕೊಂಡು ಹೊರಡುತ್ತಾರೆ. ಕುಂಞಿ ಕಿತ್ತುಹೋದ ಜಕಾರ್ತಾವನ್ನು ಸೀಮೆಸುಣ್ಣದಲ್ಲಿ ಗೀಚಿಕೊಳ್ಳುತ್ತಾರೆ. ಓದಲು ಮಕ್ಕಳಿಲ್ಲ, ಗೋಡೆಗೆ ಉಳಿದಿರುವುದು ಕೆಲವೇ ವಾರ. ಆದರೂ ಯಾಕೆ ಎಂದು ಕೇಳಿದರೆ ತಲೆ ಎತ್ತದೆ ಹೇಳುತ್ತಾರೆ, “ಹೋಗುವಾಗ ಪೂರ್ತಿ ಇರಬೇಕು, ಅಲ್ಲವಾ?”

ಕೆಡವುವವರ ಹತ್ತಿರ ಒಂದು ಮಾತು ಕೇಳಲು ನಾಳೆ ಬಂಟ್ವಾಳಕ್ಕೆ ಹೋಗುವವರಿದ್ದಾರೆ. ಒಪ್ಪುತ್ತಾರೆಂಬ ನಂಬಿಕೆ ಅವರಿಗೂ ಇಲ್ಲ.

“ಗೋಡೆ ಉಳಿಸಿ ಅಂತ ಕೇಳುವುದಿಲ್ಲ. ಅಕ್ಟೋಬರ್ ನಾಲ್ಕಕ್ಕೆ ಆಟ ಮುಗೀತದೆ. ಐದಕ್ಕೆ ಬೆಳಿಗ್ಗೆ ಬಂದು ನಾನು ಬರೀತೇನೆ. ಆರಕ್ಕೆ ಕೆಡವಲಿ.”