ಇಪ್ಪತ್ತು ಮಕ್ಕಳು ತಿಂದ ಸೌತೆಕಾಯಿ

ದುಬೈಯಲ್ಲಿ ದಂತವೈದ್ಯಕೀಯದ ಸ್ನಾತಕೋತ್ತರ ಓದು ಓದುತ್ತಿದ್ದಾಗ ನನ್ನ ಸಂಶೋಧನೆ ಮಕ್ಕಳ ಹುಳುಕು ಹಲ್ಲಿನ ಮೇಲೆ. ತಿನ್ನುವುದನ್ನು ತಿದ್ದಿದರೆ ಹುಳುಕು ತಡೆಯಬಹುದೇ ಎಂದು ನೋಡಬೇಕಿತ್ತು. ಅಲ್ ನಹ್ದಾ ಬಡಾವಣೆಯ ನಮ್ಮ ಕಟ್ಟಡದಲ್ಲಿ ಮಂಗಳೂರು, ಉಡುಪಿ ಕಡೆಯ ತಾಯಂದಿರಿಗೇನು ಬರವೇ? ಮೂರು ದಿನ ಮಕ್ಕಳ ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ ಎಂದು ಇಪ್ಪತ್ತು ಮನೆಗೆ ಫಾರ್ಮ್ ಹಂಚಿದೆ. ತುಂಬುವುದು ಹೇಗೆಂದು ತಿಳಿಯಲಿ ಅಂತ ನನ್ನ ಮಗಳ ಹೆಸರಿನಲ್ಲಿ ಒಂದು ಮಾದರಿ ತುಂಬಿ ವಾಟ್ಸಾಪ್ ಗುಂಪಿಗೂ ಹಾಕಿದೆ.

ಗಲ್ಫಿಗೆ ಬಂದ ನಮ್ಮವರಿಗೆ ಫಾರ್ಮ್ ಎಂದರೆ ಹೆದರಿಕೆ. ವೀಸಾದ್ದಿರಲಿ, ಶಾಲೆಯದ್ದಿರಲಿ, ಪಾಸಾದವರದ್ದನ್ನು ನೋಡಿ ತುಂಬಿದರೆ ವಾಪಸ್ ಬರುವುದಿಲ್ಲ ಎಂಬುದು ಎಲ್ಲರ ಅನುಭವ. ನನ್ನ ಫಾರ್ಮುಗಳೂ ಹಾಗೇ ಬಂದವು. ಇಪ್ಪತ್ತೂ ಮಕ್ಕಳು ಸಕ್ಕರೆ ಹಾಕದ ಹಾಲು ಕುಡಿದು, ಸಂಜೆ ನಾಲ್ಕಕ್ಕೆ ಸರಿಯಾಗಿ ಸೌತೆಕಾಯಿ ತಿಂದಿದ್ದರು. ಮುಂದಿನ ನಾಲ್ಕು ಹಲ್ಲು ಬಿದ್ದವನೂ ತಿಂದಿದ್ದ.

"ಇವು ಮಕ್ಕಳಾ, ಆಡುಗಳಾ?" ಎಂದರು ನನ್ನ ಗೈಡ್, ಎಂದೂ ನಗದ ಮೇಡಂ. "ಮೊದಲು ಸೌತೆಕಾಯಿ ತಿಂದದ್ದು ಯಾರು?"

"ನನ್ನ ಮಗಳು."

"ನಿಜವಾಗಿ ತಿಂದಳಾ?"

ನಾನು ಫಾರ್ಮುಗಳನ್ನು ಬ್ಯಾಗಿಗೆ ತುರುಕತೊಡಗಿದೆ. ವಾರದೊಳಗೆ ನಿಜವಾದ ಫಾರ್ಮ್ ತರದಿದ್ದರೆ ಪ್ರಬಂಧಕ್ಕೆ ಸಹಿ ಇಲ್ಲ ಎಂದರು. ಸಹಿ ಇಲ್ಲದಿದ್ದರೆ ಒಂದು ವರ್ಷ ಖಲಾಸ್.

ಮನೆಗೆ ಬಂದವಳೇ ಮಗಳು ತಿನ್ನುವುದರ ಸತ್ಯವನ್ನು ಗುಂಪಿಗೆ ಹಾಕಿದೆ. ಬೆಳಗ್ಗೆ ಕರಕ್ ಎಂಬ ಇಲ್ಲಿನ ಗಟ್ಟಿ ಸಿಹಿ ಚಹಾದಲ್ಲಿ ಅದ್ದಿದ ಬಿಸ್ಕತ್ತು. ನಾನು ಹುಳುಕಿನ ಬಗ್ಗೆ ಬರೆಯುವಾಗ ಗಲಾಟೆ ಮಾಡದಿರಲೆಂದು ಎರಡು ಚಾಕಲೇಟು. ಮಲಗುವ ಮುಂಚಿನ ಹಾಲಿಗೆ ಮೂರು ಚಮಚ ಸಕ್ಕರೆ. ಮೊದಲು ಬರೆದದ್ದು ಸುಳ್ಳು ಎಂದೂ ಸೇರಿಸಿದೆ. ಇಣುಕಿ ನೋಡಿದ ಮಗಳು "ಫೈನಲೀ!" ಎಂದಳು.

ಹತ್ತು ನಿಮಿಷಕ್ಕೆ ಒಬ್ಬಳು ಬರೆದಳು: "ಇಷ್ಟೇಯಾ ಡಾಕ್ಟ್ರೇ? ನನ್ನವ ಕಂಡೆನ್ಸ್ಡ್ ಮಿಲ್ಕ್ ಡಬ್ಬಿಗೇ ಬೆರಳು ಹಾಕಿ ನೆಕ್ತಾನೆ ಮಾರಾಯ್ರೆ!" ಸೋಲುವುದು ಯಾರಿಗೆ ಇಷ್ಟ? ಪೆಪ್ಸಿ, ಹಲ್ವ, ಊರಿನ ಬೆಲ್ಲ ಎಲ್ಲ ಹೊರಬಿತ್ತು. ಡಿಗ್ರಿ ಉಳಿಯಿತೆಂದು ನಾನು ಕುಣಿಯುವುದೊಂದೇ ಬಾಕಿ.

ಅಷ್ಟರಲ್ಲಿ ಮೂರನೇ ಮಹಡಿಯ ತಾಯಿಯೊಬ್ಬಳ ಮೆಸೇಜು ನನಗೊಬ್ಬಳಿಗೇ ಬಂತು. "ಡಾಕ್ಟ್ರೇ, ನನ್ನ ಮಗ ಒಂದು ತಿಂಗಳಿಂದ ಒಂದೇ ಬದಿಯಲ್ಲಿ ಅಗೀತಾ ಇದ್ದಾನೆ. ಕೆನ್ನೆ ಮುಟ್ಟಿದ್ರೆ ಅಳ್ತಾನೆ. ನಿಮ್ಮ ಮಗಳ ಮೊದಲಿನ ಫಾರ್ಮ್ ಓದಿ ನಾಚಿಕೆ ಆಯ್ತು, ಅದಕ್ಕೇ ಹೇಳ್ಲಿಲ್ಲ."

ನಾಚಬೇಕಾದವಳು ನಾನು. ಟಾರ್ಚು, ಬಾಯಿ ನೋಡುವ ಕನ್ನಡಿ ಹಿಡಿದು, ಲಿಫ್ಟಿಗೂ ಕಾಯದೆ ಮೂರನೇ ಮಹಡಿಗೆ ಮೆಟ್ಟಿಲಿಳಿದೆ.